ಸಜ್ಜನರೇ, ಹತ್ತೂ ಬೆರಳು ಮುಂದೆ ಚಾಚಿ

ವಿದೇಶದಲ್ಲಿ ಕೆಲಸ ಸಿಗುವುದು ಸುಲಭ ಸ್ವಾಮಿ. ಕಷ್ಟ ಇರುವುದು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ತಂದು ನೀವು ಕಳ್ಳರಲ್ಲ ಅಂತ ಸಾಬೀತು ಮಾಡುವುದರಲ್ಲಿ. ನಿಜವಾದ ಕಳ್ಳನಿಗೆ ಈ ತಾಪತ್ರಯವೇ ಇಲ್ಲ ನೋಡಿ. ಅವನ ಬೆರಳಚ್ಚು ತೆಗೆಯೋಕೆ ಪೊಲೀಸರೇ ಹುಡುಕಿಕೊಂಡು ಬರುತ್ತಾರೆ, ಗಾಡಿ ಅವರದ್ದೇ, ಫೀಸೂ ಇಲ್ಲ. ಏನೂ ಮಾಡದ ನೀವು ಮಾತ್ರ ಅಪಾಯಿಂಟ್‌ಮೆಂಟ್ ತಗೊಂಡು, ದುಡ್ಡು ಕಟ್ಟಿ, ಕ್ಯೂನಲ್ಲಿ ನಿಂತು, 'ಬೆರಳು ಸಡಿಲ ಬಿಡ್ರೀ, ನೀವೇ ಒತ್ತಬೇಡಿ' ಅಂತ ಬೈಸಿಕೊಂಡು ಬರಬೇಕು.

ಒಂದಷ್ಟು ವರ್ಷ ಅಮೆರಿಕದಲ್ಲಿ ಇದ್ದವರ ಪಾಡು ಕೇಳಿ. ಈ ಸರ್ಟಿಫಿಕೇಟಿಗೆ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಎಫ್‌ಡಿ-258 ಅನ್ನುವ ಬೆರಳಚ್ಚಿನ ಕಾರ್ಡು ಕಳಿಸಬೇಕು. ಒಂದೊಂದು ಬೆರಳನ್ನೂ ಉಗುರಿನ ಈ ಅಂಚಿನಿಂದ ಆ ಅಂಚಿಗೆ ಹೊರಳಿಸಿ ಒತ್ತಬೇಕು, ಆಮೇಲೆ ನಾಲ್ಕು ಬೆರಳು ಒಟ್ಟಿಗೆ, ಹೆಬ್ಬೆರಳು ಬೇರೆ. ಮಸಿ ಜಾಸ್ತಿಯಾದರೆ ಗೆರೆ ಕಲಸಿಹೋಗುತ್ತದೆ, ಕಮ್ಮಿಯಾದರೆ ಮೂಡುವುದೇ ಇಲ್ಲ, ಹೇಗಾದರೂ ಕಾರ್ಡು ವಾಪಸ್. ಇದರಲ್ಲಿ ಜಾಸ್ತಿ ಪೆಟ್ಟು ತಿನ್ನುವವರು ಯಾರು ಗೊತ್ತಾ? ಸಿಮೆಂಟು ಕಲಸಿ, ಇಟ್ಟಿಗೆ ಹೊತ್ತು, ಪಾತ್ರೆ ತಿಕ್ಕಿ ಬೆರಳ ಗೆರೆಯೇ ಸವೆದುಹೋದವರು. ಮೈಮುರಿದು ದುಡಿದ ತಪ್ಪಿಗೆ ಮತ್ತೊಮ್ಮೆ ಬನ್ನಿ. ಜೇಬುಗಳ್ಳನ ಬೆರಳು ಮಾತ್ರ ಮೊದಲ ಸಲಕ್ಕೇ ಲಕ್ಷಣವಾಗಿ ಮೂಡುತ್ತದೆ.

ಲೆಕ್ಕಾಚಾರವೂ ಮಜವಾಗಿದೆ. ಬ್ರಿಟನ್ನಿಗೆ ಟೀಚರೋ ನರ್ಸೋ ಆಗಿ ಹೋಗುವವರು ಕಳೆದ 10 ವರ್ಷಗಳಲ್ಲಿ ಒಟ್ಟು 12 ತಿಂಗಳು ಇದ್ದ ಪ್ರತಿ ದೇಶದಿಂದಲೂ ಸರ್ಟಿಫಿಕೇಟ್ ತರಬೇಕು. 11 ತಿಂಗಳು ಇದ್ದು ಬಂದಿರಾ? ಹಾಗಾದರೆ ಬೇಡ. ವರ್ಷ ತುಂಬುವವರೆಗೆ ಮನುಷ್ಯನಿಗೆ ಕದಿಯುವ ಧೈರ್ಯ ಬರುವುದಿಲ್ಲ ಅಂತ ಕಾಣುತ್ತದೆ. ಕೆನಡಾಕ್ಕೆ ವಲಸೆ ಹೋಗುವವರಿಗೆ ಸತತ ಆರು ತಿಂಗಳಿಗೇ ಈ ಧೈರ್ಯ ಬಂದುಬಿಡುತ್ತದೆ.

ಸರಿ, ಪೊಲೀಸರು ಬರೆದುಕೊಟ್ಟರು. ಆದರೆ ಪೊಲೀಸರನ್ನು ನಂಬುವುದು ಹೇಗೆ? ಅದಕ್ಕೇ 1961ರ ಹೇಗ್ ಒಪ್ಪಂದದ ಅಪೊಸ್ಟಿಲ್ ಮುದ್ರೆ, ಅಂದರೆ ಒಂದು ದೇಶದ ಸರ್ಕಾರಿ ಕಾಗದವನ್ನು ಇನ್ನೊಂದು ದೇಶ ಒಪ್ಪಲಿ ಅಂತ ಹಾಕುವ ಮುದ್ರೆ. ಇಂಗ್ಲಿಷ್ ಕಲಿಸೋಕೆ ದಕ್ಷಿಣ ಕೊರಿಯಾಕ್ಕೆ ಹೊರಟ ಅಮೆರಿಕದವರಿಗೆ ಎಫ್‌ಬಿಐ ಕಾಗದವೇ ಆಗಬೇಕು, ಅದರ ಮೇಲೆ ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆಯ ಮುದ್ರೆಯೇ ಬೀಳಬೇಕು. ಇಷ್ಟೆಲ್ಲ ಒದ್ದಾಡಿ ಹಾಕಿಸಿದ ಮುದ್ರೆ ಹೇಳುವುದೇನು? ಕಾಗದದ ಮೇಲಿನ ಸಹಿ ಅಸಲಿ ಅಂತ, ಅಷ್ಟೇ. ಒಳಗೆ ಬರೆದಿರುವುದು ನಿಜವೋ ಸುಳ್ಳೋ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. (ಕೆನಡಾ ಈ ಒಪ್ಪಂದಕ್ಕೆ ಬಂದದ್ದೇ 2024ರ ಜನವರಿಯಲ್ಲಿ. ಅಲ್ಲಿಯವರೆಗೆ ಅಲ್ಲಿನ ಕಾಗದ ಹಿಡಿದವರು ರಾಯಭಾರ ಕಚೇರಿಯ ಬಾಗಿಲನ್ನೂ ತಟ್ಟಬೇಕಿತ್ತು.) ಇನ್ನು ಪೊಲೀಸರ ಕಾಗದ ತಾನೇ ಏನು ಹೇಳುತ್ತದೆ? ಈ ಮನುಷ್ಯ ನಮ್ಮ ದಾಖಲೆಯಲ್ಲಿಲ್ಲ ಅಂತ. ಸಿಕ್ಕಿಬೀಳದ ಚಾಲಾಕಿಗೂ ಇದೇ ಕಾಗದ, ನಿಮಗೂ ಇದೇ.

ಇದಕ್ಕೆಲ್ಲ ಕಿರೀಟ ಇಟ್ಟ ಹಾಗೆ, ಒಳ್ಳೆಯತನಕ್ಕೆ ಎಕ್ಸ್‌ಪೈರಿ ಡೇಟು. ಕೆಲವು ಕಡೆ ಮೂರು ತಿಂಗಳು, ಕೆಲವು ಕಡೆ ಆರು. ಅವಧಿ ಮುಗಿಯಿತೋ, ಮತ್ತೆ ಅನುಮಾನಾಸ್ಪದ ವ್ಯಕ್ತಿ. ಎರಡು ದೇಶದ್ದು ಬೇಕಿದ್ದರಂತೂ ಕೇಳಲೇಬೇಡಿ. ಒಂದು ಬರುವಷ್ಟರಲ್ಲಿ ಇನ್ನೊಂದು ಸತ್ತಿರುತ್ತದೆ, ಅದನ್ನು ಮತ್ತೆ ತರಿಸುವಷ್ಟರಲ್ಲಿ ಮೊದಲಿನದ್ದು ಢಮಾರ್. ಅತ್ತ ಕಂಪನಿಯವರು 'ಯಾವಾಗ ಜಾಯಿನ್ ಆಗ್ತೀರಿ' ಅಂತ ಮೇಲ್ ಮೇಲೆ ಮೇಲ್ ಹಾಕುತ್ತಿರುತ್ತಾರೆ. ಏನಂತ ಉತ್ತರ ಬರೆಯೋದು, ಪೊಲೀಸರು ಇನ್ನೂ ಬಿಟ್ಟಿಲ್ಲ ಅಂತಲಾ?