ಸ್ಪಷ್ಟನೆ: ಎಫ್‌ಡಿಗಿರುವ 5 ಲಕ್ಷದ ಗ್ಯಾರಂಟಿ ವಿಮಾ ಪಾಲಿಸಿಗೆ ಇಲ್ಲ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಬ್ಯಾಂಕಿನದೇ ಇನ್ಶೂರೆನ್ಸ್ ಬ್ರೋಕಿಂಗ್, ವೆಂಚರ್ ಕ್ಯಾಪಿಟಲ್ ಕಂಪನಿಗೆ ಕೊಟ್ಟ ಹಣಕ್ಕೂ ಎಫ್‌ಡಿಯಂತೆ 5 ಲಕ್ಷ ಗ್ಯಾರಂಟಿ." ಇದು ತಪ್ಪು.

ಡಿಐಸಿಜಿಸಿ (ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ಹಣ ಕೊಡುವ ಆರ್‌ಬಿಐ ಅಂಗಸಂಸ್ಥೆ) ವಿಮೆ ಬ್ಯಾಂಕ್ ಠೇವಣಿಗೆ ಮಾತ್ರ. 2020ರ ಫೆಬ್ರವರಿ 4ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ. ಬ್ಯಾಂಕಿನ ಹೆಸರೇ ಇದ್ದರೂ ಅಂಗಸಂಸ್ಥೆ ಬೇರೆ ಕಂಪನಿ. ಬ್ರೋಕರ್ ಪಾಲಿಸಿ ಮಾಡಿಸಿಕೊಡುತ್ತದೆ ಅಷ್ಟೇ, ಕ್ಲೇಮ್ ಕೊಡುವುದು ವಿಮಾ ಕಂಪನಿ. ವೆಂಚರ್ ಫಂಡ್ ಹೊಸ ಉದ್ಯಮಗಳಿಗೆ ಹಣ ಹಾಕುತ್ತದೆ. ಅಲ್ಲಿ ಅಸಲೇ ಹೋಗಬಹುದು.

ರೇಷ್ಮೆ ಗೂಡು ಮಾರಿದ ದುಡ್ಡು ಕಷ್ಟದ ದುಡ್ಡು, ಅಲ್ವಾ? ರಸೀದಿ ನೋಡಿ. 'ಪ್ರೀಮಿಯಂ' ಅಂತಿದ್ದರೆ ಅದು ಠೇವಣಿಯಲ್ಲ. ಬೇಡವಾದ ಜೀವ ವಿಮೆ ಪಾಲಿಸಿಯನ್ನು ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ.