ಪ್ರೊಲ್ಯಾಕ್ಟಿನ್ ಜಾಸ್ತಿ ಇದ್ದವರ ಮೂತ್ರದಲ್ಲಿ ಹಾಲಿನ ಸಕ್ಕರೆ ಹುಡುಕಬೇಕಾ?

ಪರ

ರಿಪೋರ್ಟಿನಲ್ಲಿ ಪ್ರೊಲ್ಯಾಕ್ಟಿನ್, ಅಂದರೆ ಎದೆಹಾಲು ಬರಿಸುವ ಹಾರ್ಮೋನು, 48 (ng/mL) ಅಂತ ಬಂದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಹೆಂಗಸರಿಗೆ ಮಾಮೂಲಿ ಮಿತಿ 25ರ ಆಸುಪಾಸು. ಆದರೆ ಆ ಅಂಕಿ ಹೇಳುವುದು ರಕ್ತದಲ್ಲಿ ಹಾರ್ಮೋನು ಎಷ್ಟಿದೆ ಅಂತ ಮಾತ್ರ. ಅದು ಕೆಲಸ ಮಾಡುತ್ತಿದೆಯಾ, ಸುಮ್ನೆ ಓಡಾಡಿಕೊಂಡಿದೆಯಾ? ಅದು ಗೊತ್ತಾಗುವುದಿಲ್ಲ. ಕೆಲವರಲ್ಲಿ ಪ್ರೊಲ್ಯಾಕ್ಟಿನ್‌ಗೆ ಆಂಟಿಬಾಡಿ ಅಂಟಿಕೊಂಡು ಮುದ್ದೆಯಾಗಿರುತ್ತದೆ. ಮ್ಯಾಕ್ರೊಪ್ರೊಲ್ಯಾಕ್ಟಿನ್ ಅನ್ನುತ್ತಾರೆ. ಕಾಗದದ ಮೇಲೆ ಅಂಕಿ ಏರುತ್ತದೆ, ಮೈಯಲ್ಲಿ ಅಷ್ಟೇನೂ ನಡೆದಿರುವುದಿಲ್ಲ.

ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಹಾಗಲ್ಲ. ನಮ್ಮ ಮೈಯಲ್ಲಿ ಅದು ತಯಾರಾಗುವ ಜಾಗ ಸ್ತನ ಒಂದೇ. ಪ್ರೊಲ್ಯಾಕ್ಟಿನ್ ಅಲ್ಲಿನ ಕೋಶಗಳಿಂದ ಆಲ್ಫಾ-ಲ್ಯಾಕ್ಟಾಲ್ಬುಮಿನ್ ಎಂಬ ಪ್ರೋಟೀನ್ ಮಾಡಿಸುತ್ತದೆ. ಅದು ಜೊತೆಗಿದ್ದರೇನೇ ಗ್ಲೂಕೋಸ್, ಗ್ಯಾಲಕ್ಟೋಸ್ ಸೇರಿ ಲ್ಯಾಕ್ಟೋಸ್ ಆಗುವುದು. ಒಂದಿಷ್ಟು ರಕ್ತಕ್ಕೆ ಸೋರಿದರೆ, ಅಲ್ಲಿ ಅದನ್ನು ಒಡೆಯುವ ಕಿಣ್ವ ಇಲ್ಲ. ಕಿಡ್ನಿ ಹಾಗೇ ಹೊರಗೆ ಹಾಕುತ್ತದೆ. ಹಳೇ ಸಂಗತಿ ಇದು: ಬಾಣಂತಿಯರ ಮೂತ್ರದಲ್ಲಿರುವ ಸಕ್ಕರೆ ಲ್ಯಾಕ್ಟೋಸ್ ಅಂತ ವಿಜ್ಞಾನಿ ಫ್ರಾಂಜ್ ಹೋಫ್‌ಮೈಸ್ಟರ್ 1877ರಲ್ಲೇ ತೋರಿಸಿದ್ದ.

ಇನ್ನೊಂದು ಅನುಕೂಲವೂ ಇದೆ. ಸೂಜಿಯ ಭಯಕ್ಕೇ ಪ್ರೊಲ್ಯಾಕ್ಟಿನ್ ಏರುವುದುಂಟು. ಎದೆ ಒತ್ತಿ ಹಾಲು ಬರುತ್ತದಾ ಅಂತ ನೋಡುವುದಂತೂ ಮುಜುಗರ. ಡಬ್ಬಿಯಲ್ಲಿ ಮೂತ್ರ ಕೊಡುವುದಕ್ಕೆ ಯಾರಿಗೆ ಏನು ಕಷ್ಟ?

ವಿರೋಧ

ನನ್ನ ಮನಸ್ಸು ವಾಲುವುದು ಈ ಕಡೆಗೇ. ಮೂತ್ರದ ಲ್ಯಾಕ್ಟೋಸ್ ಹೇಳುವುದು ಹಾಲು ಎಷ್ಟಾಯಿತು ಅಂತಲ್ಲ, ಎಷ್ಟು ಸೋರಿತು ಅಂತ. ಹೆರಿಗೆಯಾದ ಹೊಸತರಲ್ಲಿ ಸ್ತನದ ಕೋಶಗಳ ನಡುವಿನ ಸಂದು ಸಡಿಲ, ಸೋರಿಕೆ ಜಾಸ್ತಿ. ಹಾಲು ಚೆನ್ನಾಗಿ ಇಳಿಯುವ ಹೊತ್ತಿಗೆ ಸಂದು ಬಿಗಿಯಾಗುತ್ತದೆ, ಸೋರುವುದು ತಗ್ಗುತ್ತದೆ. ಮಗುವಿಗೆ ಹಾಲು ಬಿಡಿಸುವಾಗಲೋ ಎದೆ ಬಾವು ಬಂದಾಗಲೋ ಮತ್ತೆ ಸೋರಿಕೆ ಶುರು. ಹಾಲು ಕಡಿಮೆಯಾಗುವಾಗ ಸೋರಿಕೆ ಏರುವುದಾದರೆ, ಇದನ್ನು ಅಳತೆಗೋಲು ಅನ್ನುವುದು ಹೇಗೆ?

ಪ್ರೊಲ್ಯಾಕ್ಟಿನ್ ಒಂದರಿಂದಲೇ ಹಾಲು ಬರುವುದೂ ಇಲ್ಲ. ಸ್ತನ ಮೊದಲೇ ಈಸ್ಟ್ರೋಜೆನ್, ಪ್ರೊಜೆಸ್ಟರಾನ್‌ನಿಂದ ಸಿದ್ಧವಾಗಿರಬೇಕು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಾಗಿ ಪ್ರೊಲ್ಯಾಕ್ಟಿನ್ ಸಾವಿರ ದಾಟಿದ ಗಂಡಸರಲ್ಲೂ ಹಾಲು ಬರುವುದು ಅಪರೂಪ. ಅಂಥವರ ಮೂತ್ರದಲ್ಲಿ ಸಕ್ಕರೆ ಕಾಣಲಿಲ್ಲ ಅಂತ ಮನೆಗೆ ಕಳಿಸುವುದೇ? ನಿಜವಾದ ತೊಂದರೆ ಬೇರೆ ಕಡೆ ನಡೆದಿರುತ್ತದೆ. ಮುಟ್ಟು ನಿಲ್ಲುತ್ತದೆ, ಮಕ್ಕಳಾಗುವುದು ತಡವಾಗುತ್ತದೆ, ಮೂಳೆ ಸವೆಯುತ್ತದೆ.

ಅಳೆಯುವುದೂ ಸಲೀಸಲ್ಲ. ಮೂತ್ರದ ಗ್ಲೂಕೋಸ್ ಪಟ್ಟಿಗೆ ಲ್ಯಾಕ್ಟೋಸ್ ಕಾಣುವುದೇ ಇಲ್ಲ. ಸಕ್ಕರೆ ಪತ್ತೆಮಾಡುವ ಬೆನೆಡಿಕ್ಟ್ ದ್ರಾವಣದಲ್ಲಿ ಕುದಿಸಿದರೆ ಗ್ಲೂಕೋಸ್, ಲ್ಯಾಕ್ಟೋಸ್ ಎರಡಕ್ಕೂ ನೀಲಿ ಹೋಗಿ ಹಸಿರು, ಕಿತ್ತಳೆ ಬರುತ್ತದೆ. ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿದವರಿಗೆ ಓಸಜೋನ್, ಅಂದರೆ ಸಕ್ಕರೆಯನ್ನು ಹರಳಾಗಿಸಿ ಗುರುತಿಸುವ ಪರೀಕ್ಷೆ, ನೆನಪಿರಬಹುದು. ಸೂಕ್ಷ್ಮದರ್ಶಕದಲ್ಲಿ ಗ್ಲೂಕೋಸಿನ ಹರಳು ಸೂಜಿಗಳ ಕಟ್ಟು, ಲ್ಯಾಕ್ಟೋಸಿನದು ಪೌಡರ್ ಪಫ್‌ನಂಥ ಉಂಡೆ. ನೋಡಲು ಚೆಂದ, ಆದರೆ ಆಸ್ಪತ್ರೆಯ ದಿನದ ಗಡಿಬಿಡಿಯಲ್ಲಿ ಯಾರು ಮಾಡುತ್ತಾರೆ? ಕುಡಿದ ಹಾಲಿನ ಲ್ಯಾಕ್ಟೋಸ್ ಕೂಡ ಕರುಳು ದಾಟಿ ಅಲ್ಪಸ್ವಲ್ಪ ಮೂತ್ರಕ್ಕೆ ಬರುತ್ತದೆ. ಎದೆಹಾಲಿನಲ್ಲೇ ಇರುವ ಇನ್ನೊಂದು ಸಕ್ಕರೆ ಫ್ಯೂಕೋಸಿಲ್‌ಲ್ಯಾಕ್ಟೋಸ್ ಹುಡುಕೋಣ ಅಂದರೆ, ಅದರ ಒಂದು ಮುಖ್ಯ ಬಗೆಯನ್ನು ಎಷ್ಟೋ ಹೆಂಗಸರು ಹುಟ್ಟಿನಿಂದಲೇ ಮಾಡುವುದಿಲ್ಲ. ಸಂಶೋಧನೆಗೆ ಸರಿ, ಚಿಕಿತ್ಸೆಗೆ ಬೇಡ.

ಮ್ಯಾಕ್ರೊಪ್ರೊಲ್ಯಾಕ್ಟಿನ್ ಪತ್ತೆಗೆ ಅದೇ ರಕ್ತ ಸಾಕು. ಪಾಲಿಎಥಿಲೀನ್ ಗ್ಲೈಕಾಲ್ ಹಾಕಿ ಮುದ್ದೆಯನ್ನು ತಳಕ್ಕಿಳಿಸಿ, ಉಳಿದದ್ದನ್ನು ಅಳೆಯುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ್ದು, ಏನು ಮಾತ್ರೆ ತಗೋತಿದ್ದೀರಿ ಅಂತ. ಗ್ಯಾಸ್ಟ್ರಿಕ್ ಅಂತ ಮೆಡಿಕಲ್ ಶಾಪಿನಿಂದ ತಂದು ನುಂಗುವ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಇರುತ್ತದೆ. ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಕೂಡ ಏರಿಸುತ್ತದೆ, ಆದರೆ ಅದನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಬಸಿರಾ, ಥೈರಾಯ್ಡ್ ಕಡಿಮೆಯಾ ಅಂತಲೂ ನೋಡಿ, ಮತ್ತೊಮ್ಮೆ ರಕ್ತ ಕೊಡಬೇಕು. ಆಗಲೂ ಕಾರಣ ಸಿಗದೆ ಅಂಕಿ ಮೇಲೇ ಇದ್ದರೆ, ಪಿಟ್ಯುಟರಿಯ ಎಂಆರ್‌ಐ.