ಒಸ್ಸಿಯನ್ನು ಪಳಗಿಸಲು ಹೊರಟವರು

ಮೂಕಿಚಿತ್ರ ಅಂದಕೂಡಲೇ ನಮಗೆ ನೆನಪಾಗೋದು ಚಾಪ್ಲಿನ್, ಬಿಟ್ಟರೆ ಕೀಟನ್. ಬಿದ್ದು ಎದ್ದು ನಗಿಸೋ ಹಕ್ಕನ್ನು ಗಂಡಸರಿಗೇ ಬರೆದುಕೊಟ್ಟ ಹಾಗೆ. ಆ ಕಾಲದ ಜರ್ಮನ್ ನಟಿ ಒಸ್ಸಿ ಓಸ್ವಾಲ್ಡಾಳ ಹೆಸರು ಕೇಳಿದವರು ಕಡಿಮೆ. ನಿರ್ದೇಶಕ ಎರ್ನ್‌ಸ್ಟ್ ಲುಬಿಚ್ ಜರ್ಮನಿಯಲ್ಲಿ 1918ರಲ್ಲಿ ತೆಗೆದ ‘ನನಗೆ ಗಂಡಸಾಗೋದು ಬೇಡ’ ಸುಮಾರು ಮುಕ್ಕಾಲು ಗಂಟೆಯ ಚಿತ್ರ. ಅದರಲ್ಲಿ ಇವಳೇ ನಾಯಕಿ, ಪಾತ್ರದ ಹೆಸರೂ ಒಸ್ಸಿಯೇ. ಇಸ್ಪೀಟು, ಸಿಗರೇಟು, ಕುಡಿತ ಎಲ್ಲ ಬೇಕು ಅವಳಿಗೆ.

ಮನೆಯಲ್ಲೊಬ್ಬ ಮಾವ, ಕಾಯೋಕೆ ಒಬ್ಬ ಗವರ್ನೆಸ್. ಮನೆ ಅನ್ನೋದಕ್ಕಿಂತ ವಾರ್ಡನ್ ಇರೋ ಹಾಸ್ಟೆಲ್ ಅನ್ನಿ. ಒಸ್ಸಿ ಸಿಗರೇಟು ಹಚ್ಚಿದ್ದಕ್ಕೆ ಗವರ್ನೆಸ್ ಕೆಂಡಾಮಂಡಲವಾಗಿ ಅದನ್ನು ಕಿತ್ತುಕೊಳ್ತಾಳೆ. ಆಮೇಲೆ ತಾನೇ ಸುಖವಾಗಿ ಹೊಗೆ ಬಿಡ್ತಾಳೆ. ಕುಡಿದದ್ದಕ್ಕೆ ಗದರಿದ ಮಾವನದ್ದೂ ಇದೇ ಕಥೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಇಲ್ಲಿ ತಪ್ಪು ಸಿಗರೇಟಿನದ್ದಲ್ಲ, ಅದು ಯಾರ ಕೈಯಲ್ಲಿದೆ ಅನ್ನೋದರದ್ದು. ಇದನ್ನು ಹೇಳೋಕೆ ಲುಬಿಚ್‌ಗೆ ಒಂದು ಭಾಷಣವೂ ಬೇಕಾಗಲಿಲ್ಲ.

ಮಾವ ಊರು ಬಿಟ್ಟ ಮೇಲೆ ಪೋಷಕನಾಗಿ ಡಾಕ್ಟರ್ ಕೆರ್ಸ್ಟನ್ ಬರ್ತಾನೆ. ಶಿಸ್ತಿನ ಮನುಷ್ಯ. ‘ನಿನ್ನನ್ನು ಇಷ್ಟೇ ಇಷ್ಟು ಮಾಡ್ತೀನಿ ನೋಡು’ ಅಂತ ಕೈ ಕೆಳಗಿಳಿಸಿ ತೋರಿಸ್ತಾನೆ. ಒಸ್ಸಿ ಸುಮ್ಮನಿರೋ ಪೈಕಿಯಲ್ಲ, ಗಂಡಸರ ಸೂಟು ಹೊಲಿಸಿಕೊಂಡು ಬಾಲ್ ಡ್ಯಾನ್ಸ್‌ಗೆ ಹೊರಟೇಬಿಡ್ತಾಳೆ. ಅಳತೆ ತಗೊಳ್ಳೋಕೆ ದರ್ಜಿಗಳು ಮುಗಿಬೀಳೋ ದೃಶ್ಯ ನನಗೆ ಇಡೀ ಚಿತ್ರದಲ್ಲೇ ಹೆಚ್ಚು ಇಷ್ಟ. ಆದರೆ ಗಂಡಸಿನ ವೇಷಕ್ಕೆ ಮರ್ಯಾದೆಯ ಜೊತೆ ನೂಕುನುಗ್ಗಲೂ ಬರ್ತದೆ. ಸಿಗಾರ್ ಸೇದಿ ಹೊಟ್ಟೆ ತೊಳಸೋದು ಬೇರೆ.

ಅಲ್ಲೇ ಸಿಕ್ಕ ಕೆರ್ಸ್ಟನ್‌ಗೆ ಅವಳ ಗುರುತೇ ಹತ್ತೋದಿಲ್ಲ. ಇಬ್ಬರೂ ಕಂಠಪೂರ್ತಿ ಕುಡಿದು ಮುತ್ತು ಕೊಟ್ಟುಕೊಳ್ತಾರೆ. ಅವನ ಮಟ್ಟಿಗೆ ಎದುರಿಗಿರೋದು ಹುಡುಗ, ನೆನಪಿರಲಿ! ಗಂಡಸರ ನಡುವಿನ ಸಂಬಂಧವನ್ನು ಅಪರಾಧ ಅಂದ 175ನೇ ಕಲಮು ಜರ್ಮನಿಯಲ್ಲಿ ಆಗ ಜಾರಿಯಲ್ಲಿತ್ತು. ಚಿತ್ರ ಮಾತ್ರ ಬೆಚ್ಚಿಬೀಳೋದೂ ಇಲ್ಲ, ಛೀ ಅನ್ನೋದೂ ಇಲ್ಲ. ನಗಿಸ್ತಾ ಮುಂದೆ ಹೋಗ್ತದೆ. ಹಿಂದಿನ ರಾತ್ರಿಯ ಸುದ್ದಿ ಯಾರಿಗೂ ತಿಳೀಬಾರದು ಅಂತ ಮಾರನೇ ದಿನ ಪೇಚಾಡೋನು ಅದೇ ಶಿಸ್ತಿನ ಡಾಕ್ಟರು.

ಕೊನೆಗೆ ಒಸ್ಸಿ ಅವನನ್ನೇ ಒಪ್ಪಿಕೊಂಡು ‘ಗಂಡಸಾಗೋದು ಬೇಡ’ ಅಂತಾಳಲ್ಲ, ಇದು ಹಳೇ ಕಾಲದ ಬುದ್ಧಿವಾದವೇ ತಾನೇ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ‘ಇಷ್ಟೇ ಇಷ್ಟು ಮಾಡ್ತೀನಿ’ ಅನ್ನೋ ಅವನ ಮಾತನ್ನೇ ಅವಳು ಅವನಿಗೆ ತಿರುಗಿಸಿ ಹೇಳ್ತಾಳೆ. ಪಳಗಿದ್ದು ಯಾರು? ಪಳಗಿಸಲು ಬಂದೋನೇ. ಹಾಂ, ಇಷ್ಟೆಲ್ಲ ಮಾಡಿದ ಹುಡುಗಿಗೆ ಪೋಷಕನೇ ಗಂಡು ಅನ್ನೋದು ನನಗೂ ಸಪ್ಪೆ ಅನ್ನಿಸಿತು. ಚಿತ್ರ ಬಂದ ವರ್ಷದ ನವೆಂಬರಿನಲ್ಲೇ ಜರ್ಮನಿಯ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತು, 1919ರ ಜನವರಿಯಲ್ಲಿ ಮತ ಹಾಕಿಯೂ ಬಂದರು. ಆ ಹೊತ್ತಿನಲ್ಲಿ ನಾಯಕಿಗೆ ಇನ್ನೊಂದು ದಾರಿ ತೋರಿಸಬಹುದಿತ್ತು.

ನಟಿ ಒಸ್ಸಿಯನ್ನು ಆಗ, ಹಾಲಿವುಡ್ ಮೂಕಿಚಿತ್ರಗಳ ತಾರೆಯ ಹೆಸರಿಟ್ಟು, ‘ಜರ್ಮನಿಯ ಮೇರಿ ಪಿಕ್‌ಫೋರ್ಡ್’ ಅಂತಿದ್ದರು. ಲುಬಿಚ್ ಹಾಲಿವುಡ್‌ಗೆ ಹೋಗಿ ದೊಡ್ಡ ಹೆಸರಾದ. ಇವಳು ಮಾತಿನ ಚಿತ್ರಗಳ ಕಾಲದಲ್ಲಿ ಮೂಲೆಗೆ ಸರಿದು, ಕೊನೆಗೆ ಪ್ರಾಗ್‌ನಲ್ಲಿ ಬಡತನದಲ್ಲೇ ತೀರಿಕೊಂಡಳು. ಇವಳಿಗೆ ಪಿಕ್‌ಫೋರ್ಡ್ ಹೋಲಿಕೆ ಯಾಕೆ ಬೇಕಿತ್ತೋ! ಹೀಗೆ ಹಲ್ಲು ಕಿರಿದು, ಕಾಲು ಝಾಡಿಸಿ ರಂಪ ಮಾಡೋಕೆ ಅವಳಿಗೆ ಅವಳೇ ಸಾಟಿ. ಈ ಚಿತ್ರ ಇಷ್ಟವಾದರೆ 1919ರ ‘ಆಯ್ಸ್ಟರ್ ಪ್ರಿನ್ಸೆಸ್’ ಕೂಡ ನೋಡಿ, ಅದರಲ್ಲಿ ಇವಳ ರಂಪ ಇನ್ನೂ ಜೋರು.